ಹಾಕಿದವಳೇ ತೆಗಿ

ಹೊನ್ನಮ್ಮ ಅಕ್ಕೋರ ಮನೆಗೆ ಕಳ್ಳರು ಬಂದಾಗ ಸಂಗೀತಾ ಪಕ್ಕದ ಮನೆಯಲ್ಲೇ ಇದ್ದಳು. ಅದೂ ಹಾಡುಹಗಲು, ಹನ್ನೊಂದೂವರೆಯ ಹೊತ್ತಿಗೆ. ಮದುವೆ ಮನೆಯೊಂದರ ಹದಿನಾಲ್ಕು ರವಿಕೆ ಹೊಲಿದು ಕೊಡುವುದಿತ್ತು. ಕಿಟಕಿಯ ಬುಡದಲ್ಲಿ ಮಷಿನ್ ಇಟ್ಟುಕೊಂಡು, ತಲೆಯೆತ್ತದೆ ಹೊಲಿಯುತ್ತ ಕೂತಿದ್ದಳು. ನಡುವೆ ಒಮ್ಮೆ ಪಕ್ಕದಿಂದ ಧೊಪ್ ಎಂದು ಏನೋ ಬಿದ್ದ ಸದ್ದಾಯಿತು. ತೆಂಗಿನಕಾಯಿ ಇರಬೇಕು ಅಂದುಕೊಂಡು ತೋಳಿಗೆ ಪಟ್ಟಿ ಕೂಡಿಸುವುದನ್ನು ಮುಂದುವರಿಸಿದಳು.

ಬಿದ್ದದ್ದು ಅಕ್ಕೋರು.

ಒಂದು ಗಂಟೆಗೆ ಸಾರು ಕೊಟ್ಟು ಬರೋಣವೆಂದು ಬಟ್ಟಲು ಹಿಡಿದು ಹೋದವಳಿಗೆ ಅವರ ಮುಂಬಾಗಿಲು ಅರ್ಧ ತೆರೆದಿರುವುದು ಕಂಡಿತು. ಅಡುಗೆಮನೆಯ ನೆಲದ ಮೇಲೆ ಎಪ್ಪತ್ತೊಂದು ವರ್ಷದ ಹೊನ್ನಮ್ಮ ಮಗ್ಗುಲಾಗಿ ಬಿದ್ದಿದ್ದರು. ಕೈ ಎರಡನ್ನೂ ಅವರದ್ದೇ ಸೀರೆಯಿಂದ ಕಟ್ಟಿದ್ದರು, ಬಾಯಿಗೆ ಟವೆಲ್ ತುರುಕಿದ್ದರು. ಬಳೆ ಎಳೆದ ಕಡೆ ಚರ್ಮ ಸುಲಿದು ಮುಂಗೈ ಊದಿತ್ತು. ಗ್ಯಾಸ್ ಒಲೆ ಚೆಕ್ ಮಾಡಬೇಕು ಎಂದು ಕೊರಳಿಗೆ ಕಾರ್ಡು ತೂಗಿಸಿಕೊಂಡು ಇಬ್ಬರು ಬಂದಿದ್ದರಂತೆ. ಅಕ್ಕೋರೇ ಬಾಗಿಲು ತೆಗೆದಿದ್ದರು.

ಟವೆಲ್ ತೆಗೆದು ನೀರು ಕುಡಿಸಿದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ನಾ ಕೂಗ್ದೆ ಮಾರಾಯ್ತಿ. ನಿನ್ನ ಮಷಿನ್ ಓಡ್ತಾ ಇತ್ತು."

ಅದರಲ್ಲಿ ಆಕ್ಷೇಪ ಇರಲಿಲ್ಲ. ಆದದ್ದನ್ನು ಹೇಳಿದ್ದರು, ಅಷ್ಟೇ. ಆದರೆ ಆ ಮಾತು ಸಂಗೀತಾಳ ಒಳಗೆ ಹೊಕ್ಕು ಕೂತುಬಿಟ್ಟಿತು.

ಅಕ್ಕೋರು ಅಂದರೆ ಆ ಬೀದಿಗೆಲ್ಲ ಅಕ್ಕೋರೇ. ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ಹೊನ್ನಾವರದಲ್ಲಿ ಈ ಸಣ್ಣ ಮನೆ ಕಟ್ಟಿಸಿಕೊಂಡು, ಬೆಳಿಗ್ಗೆ ಪೇಪರು, ಸಂಜೆ ಬೀದಿಯ ಮಕ್ಕಳಿಗೆ ಮಗ್ಗಿ ಎಂದು ಆರಾಮವಾಗಿದ್ದರು. ಸಂಗೀತಾಳ ಮಗಳು ಚಂದನಾ ನಾಲ್ಕನೆಯ ಕ್ಲಾಸು. ಅವಳಿಗೆ ಭಾಗಾಕಾರ ಬಂದದ್ದು ಅವರಿಂದಲೇ. ಆ ಸಂಜೆ ಭಟ್ಕಳದಿಂದ ಅವರ ತಮ್ಮ ವೆಂಕಟ್ರಮಣ ಕಾರು ತಂದು ಅವರನ್ನು ಕರೆದುಕೊಂಡು ಹೋದ. ಹೋಗುವಾಗ ಅಕ್ಕೋರು ತಮ್ಮ ಮನೆಯ ಕಡೆ ತಿರುಗಿ ನೋಡಲೂ ಇಲ್ಲ. ಎರಡು ದಿನ ಬಿಟ್ಟು ಫೋನು ಮಾಡಿದಾಗ ವೆಂಕಟ್ರಮಣನೇ ಎತ್ತಿದ. "ಈಗ ಬೇಡ ತಂಗಿ. ಫೋನ್ ರಿಂಗಾದ್ರೂ ಬೆಚ್ಚಿ ಬೀಳ್ತ್ರು. ಆಸ್ಪತ್ರೆಯಾಗೆ ನಿದ್ದೆ ಬರೂಕೆ ಔಷಧ ಕೊಟ್ಟಿದ್ರು," ಅಂದ.

ಸಂಗೀತಾಳಿಗೆ ಮಷಿನ್ ಓಡಿಸಲು ಆಗದೇ ಹೋಯಿತು. ನಾಲ್ಕು ಅಂಗುಲ ಹೊಲಿಯುವುದು, ನಿಲ್ಲಿಸಿ ಕಿವಿಗೊಡುವುದು. ಮತ್ತೆ ನಾಲ್ಕು ಅಂಗುಲ. ರಾತ್ರಿಯಾದರೆ ಗಂಡ ರವೀಂದ್ರ ಮನೆಯಲ್ಲಿರುತ್ತಿದ್ದ. ಅವನದು ರೈಲ್ವೆ ಹಳಿ ನೋಡುವ ಕೆಲಸ, ಮುರ್ಡೇಶ್ವರ ಸ್ಟೇಷನ್ನಿನ ಕಡೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ. ಅವಳಿಗೆ ಹೆದರಿಕೆ ಶುರುವಾಗುತ್ತಿದ್ದದ್ದು ಅವನ ಬೈಕಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ. ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದಳು. ಮೆಟ್ಟಿಲ ಹತ್ತಿರದ ಗೂಡಿನಲ್ಲಿ ಮೆಣಸಿನ ಪುಡಿಯ ಡಬ್ಬಿ ಇಟ್ಟಳು. ಕೊರಿಯರ್‌ನವನು ಬಂದರೆ ಕಿಟಕಿಯಿಂದಲೇ, "ಅಲ್ಲೇ ಇಟ್ಟು ಹೋಗಿ," ಅನ್ನುವಳು. ಗ್ಯಾಸ್ ಸಿಲಿಂಡರ್ ತಂದವನಿಗೆ ಬಾಗಿಲು ತೆಗೆಯದ್ದರಿಂದ ಅವನು ಬೈದುಕೊಂಡು ವಾಪಸು ಹೋದ. ಮಗಳನ್ನು ಶಾಲೆಗೆ ಬಿಟ್ಟು ಬರುವುದೂ ಕರೆದು ತರುವುದೂ ತಾನೇ. ಕೊರಳಿನ ಸರದ ಮೇಲೆ ಶಾಲು ಹೊದೆದುಕೊಂಡು, ಹಿಂದೆ ಬೈಕು ಬಂದರೆ ಗೋಡೆಗೆ ಒತ್ತಿ ನಿಲ್ಲುವಳು.

"ಹಿಂಗೇ ಆದ್ರೆ ನೀ ಬದುಕೂದು ಹೆಂಗೆ?" ರವೀಂದ್ರ ಕೇಳಿದ.

"ನೀವು ಹಗಲು ಮನೆಯಾಗೆ ಇದ್ದು ನೋಡಿ, ಗೊತ್ತಾತದೆ," ಅಂದಳು.

ಕಳ್ಳತನವಾದ ಐದನೆಯ ದಿನ ಎದುರು ಮನೆಯ ದಿನಕರ ಕೂಗಿ ಕರೆದ. ಅವನು ಕಟ್ಟಡ ಕಂತ್ರಾಟುದಾರ. ಗೇಟಿಗೆ ಕ್ಯಾಮರಾ ಹಾಕಿಸಿ ಎರಡು ವರ್ಷವಾಗಿತ್ತು. ಕಳ್ಳತನದ ದಿನ ಮಾತ್ರ ಅವನ ಲಾರಿಯೇ ಕ್ಯಾಮರಾಕ್ಕೆ ಅಡ್ಡ ನಿಂತಿದ್ದರಿಂದ ಏನೂ ಸಿಕ್ಕಿರಲಿಲ್ಲ. ಪೊಲೀಸರು ಹಿಂದಿನ ವಾರದ್ದೆಲ್ಲ ಕೇಳಿದ್ದಾರೆಂದು ಅವನು ಕೂತು ನೋಡುತ್ತಿದ್ದ. ಬೀದಿಯ ಐದಾರು ಜನ ಟಿವಿಯ ಮುಂದೆ ನಿಂತಿದ್ದರು.

"ಇದನ್ನ ನೋಡಿ. ಕಳ್ಳತನದ ಹಿಂದಿನ ದಿನದ್ದು. ಹನ್ನೊಂದು ಗಂಟೆ."

ಪರದೆಯ ಮೇಲೆ ಒಬ್ಬ ಹೆಂಗಸು. ತಲೆಯ ಮೇಲೆ ಟವೆಲ್, ಬಿಸಿಲಿಗೆ ಅಡ್ಡವಾಗಿ ಸೀರೆಯ ಸೆರಗು. ಮುಖ ಅರ್ಧ ಕಾಣುತ್ತಿರಲಿಲ್ಲ. ಕೈಯಲ್ಲಿ ಜವಳಿ ಅಂಗಡಿಯ ಹಳದಿ ಚೀಲ. ಅಕ್ಕೋರ ಗೇಟಿನ ಮುಂದೆ ನಿಂತಳು. ಆಚೆ ನೋಡಿದಳು, ಈಚೆ ನೋಡಿದಳು. ಗೇಟಿನ ಚಿಲಕವನ್ನು ಒಳಗೆ ಕೈ ಹಾಕಿ ತೆಗೆದಳು. ಮನೆಯ ಪಕ್ಕದಿಂದ ಹಿತ್ತಿಲ ಕಡೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, ಗೇಟು ಹಾಕಿ, ಬೇಗಬೇಗ ನಡೆದು ಹೋದಳು.

ಸಂಗೀತಾ ಟಿವಿಯ ಹತ್ತಿರ ಸರಿದು ನಿಂತಳು. ಆ ದಿನ ಆ ಹೊತ್ತಿಗೆ ತಾನು ಗೋಡೆಯಾಚೆ ಮಷಿನ್ ಓಡಿಸುತ್ತಿದ್ದಳು. ಇವಳು ಹಿತ್ತಿಲಲ್ಲಿ ತಿರುಗಾಡಿ ಹೋಗಿದ್ದಾಳೆ. ತನಗೆ ಕಂಡೇ ಇಲ್ಲ. ಫೋನು ತೆಗೆದು ಟಿವಿಯ ಪರದೆಯನ್ನು ವಿಡಿಯೋ ಮಾಡಿಕೊಂಡಳು. ಮಾಡಿಕೊಳ್ಳುವಾಗ ಬಾಯಿಂದ ತಾನಾಗಿ ಮಾತು ಹೊರಟಿತು: "ಇವ್ಳೇ ನೋಡಿ. ಇವ್ಳೇ ಮನೆ ನೋಡ್ಕಂಡು ಹೋಗೂಕೆ ಬಂದದ್ದು."

ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆಂಟು ಜನರಿದ್ದರು. ಅಲ್ಲಿಗೆ ಹಾಕಿದಳು. ಕೆಳಗೆ ಬರೆದದ್ದು ಇಷ್ಟೇ: "ಈ ಹೆಂಗಸು ಯಾರಿಗಾದರೂ ಗೊತ್ತಾ? ಎಲ್ಲರೂ ಜಾಗ್ರತೆ."

ಸಂಜೆಯೊಳಗೆ ಅದು ಅವಳಿಗೇ ವಾಪಸು ಬಂತು, ಕುಮಟೆಯ ಗಿರಾಕಿಯೊಬ್ಬಳಿಂದ. ತಾನು ಬರೆದ ಎರಡು ಸಾಲು ಹೋಗಿ ಬೇರೆ ಏಳೆಂಟು ಸಾಲು ಬಂದಿದ್ದವು. ಹೊರಗಿನಿಂದ ಬಂದ ಕಳ್ಳರ ತಂಡ, ಹೆಂಗಸರು ಹಗಲು ಬಂದು ಮನೆ ನೋಡಿಟ್ಟು ಹೋಗುತ್ತಾರೆ, ಮಕ್ಕಳನ್ನೂ ಬಿಡುವುದಿಲ್ಲ, ಹಳದಿ ಚೀಲವೇ ಗುರುತು, ಕಂಡಲ್ಲಿ ಹಿಡಿಯಿರಿ, ಹೊನ್ನಾವರ ಕುಮಟಾ ಭಟ್ಕಳದ ಎಲ್ಲ ಗುಂಪಿಗೂ ಕಳಿಸಿ. ಮಕ್ಕಳ ಮಾತು ಎಲ್ಲಿಂದ ಬಂತೋ. ಅದನ್ನು ಓದಿ ಸಂಗೀತಾಳಿಗೆ ಗಾಬರಿ ಆಗಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯ ಬಂತು. ಮೂರು ತಾಲೂಕಿನ ಜನ ತನ್ನ ಜೊತೆ ಬಾಗಿಲು ಕಾಯುತ್ತಿದ್ದಾರೆ ಅನಿಸಿತು.

ಮತ್ತೆರಡು ದಿನಕ್ಕೆ ಇನ್ನೊಂದು ವಿಡಿಯೋ ಬಂತು. ಕುಮಟೆಯ ಸಂತೆಯ ಒಂದು ಮೂಲೆ. ಹೆಂಗಸೊಬ್ಬಳು ನೆಲದ ಮೇಲೆ ಕೂತಿದ್ದಾಳೆ, ಸುತ್ತ ಕಾಲುಗಳು. ಹರಿವೆ ಸೊಪ್ಪಿನ ಕಟ್ಟುಗಳು ಚೆಲ್ಲಿ ತುಳಿದು ಹೋಗಿವೆ. ಯಾರದೋ ಕೈ ಹಳದಿ ಚೀಲವನ್ನು ತಲೆಕೆಳಗೆ ಮಾಡಿ ಕೊಡವುತ್ತಿದೆ, ಇನ್ಯಾರದೋ ಕೈ ಅವಳ ತುರುಬು ಹಿಡಿದಿದೆ. "ಉಳ್ದವ್ರು ಎಲ್ಲಿದ್ರೇ? ಬಾಯಿ ಬಿಡು!" ಅವಳು ಏನೋ ಹೇಳುತ್ತಿದ್ದಳು. ಗದ್ದಲದಲ್ಲಿ ಕೇಳುತ್ತಿರಲಿಲ್ಲ.

"ಸಿಕ್ಕಿದ್ಳಂತೆ," ಎಂದು ಸಂಗೀತಾ ಗಂಡನಿಗೆ ಫೋನು ಮಾಡಿ ಹೇಳಿದಳು.

"ಹೌದಾ? ಒಳ್ಳೇದಾತು. ಇನ್ನಾದ್ರೂ ಆರಾಮ ಇರು."

ಆ ಮಧ್ಯಾಹ್ನ ಮೂರು ತಾಸು ಎಡೆಬಿಡದೆ ಮಷಿನ್ ಓಡಿಸಿದಳು. ಉಳಿದ ಐದು ರವಿಕೆ ಮುಗಿದವು.

ಮಾರನೆಯ ಬೆಳಿಗ್ಗೆ ಭಟ್ಕಳದಿಂದ ಫೋನು. ಅಕ್ಕೋರೇ ಮಾತಾಡಿದರು. ದನಿ ಬಹಳ ಸೋತಿತ್ತು.

"ಸಂಗೀತಾ, ವೆಂಕಟ್ರಮಣನ ಮಗಳು ನಂಗೆ ಫೋನಾಗೆ ಎಂತದೋ ತೋರಿಸ್ದಳು. ಅದರಾಗೆ ಮಾತಾಡ್ದದ್ದು ನೀನೇ ಅಲ್ದನೆ?"

"ಹೌದು ಅಕ್ಕೋರೆ. ಕುಮಟೆಯಾಗೆ ಸಿಕ್ಕಿಬಿದ್ದಾಳೆ. ನೀವು ಇನ್ನು ಹೆದ್ರೂದು ಬೇಡ."

ಅಕ್ಕೋರು, "ಅದು ಸುಬ್ಬಿ ಮಾರಾಯ್ತಿ," ಅಂದರು. "ನಮ್ಮ ಸುಬ್ಬಿ. ಕತಗಾಲದ ಬದಿ ಶಾಲೆಯಾಗೆ ನಾ ಇರೂವಾಗ ಅವ್ರ ಮನೆ ಜಗಲಿ ಕೋಣೆಯಾಗೇ ನಾ ಎಂಟು ವರ್ಷ ಇದ್ದದ್ದು. ನಂಗೆ ಟೈಫಾಯ್ಡ್ ಆದಾಗ ಗಂಜಿ ಬೇಯಿಸಿ ಕೊಟ್ಟವ್ಳು ಅವ್ಳು. ಎರಡು ತಿಂಗಳಿಗೊಮ್ಮೆ ಬಸಳೆ, ಸೌತೆಕಾಯಿ ಹೊತ್ಕಂಡು ಬತ್ತಾಳೆ. ಅವತ್ತು ನಾ ಬ್ಯಾಂಕಿಗೆ ಹೋಗಿದ್ದೆ. ಹಿತ್ತಿಲ ಬಟ್ಟೆ ಕಲ್ಲಿನ ಮೇಲೆ ಇಟ್ಟು ಹೋಗಿದ್ಳು. ಬಂದು ನೋಡಿ, ಸುಬ್ಬಿ ಬಂದು ಹೋದ್ಳು ಅಂತ ಗೊತ್ತಾತು ನಂಗೆ." ಕೊನೆಗೆ ಕೇಳಿದರು: "ನಂಗೊಂದು ಮಾತು ಕೇಳ್ಬಾರ್ದಾಗಿತ್ತನೆ?"

ಫೋನು ಇಟ್ಟ ಮೇಲೆ ಸಂಗೀತಾ ತನ್ನ ವಿಡಿಯೋವನ್ನು ಮತ್ತೆ ನೋಡಿದಳು. ಹೆಂಗಸು ಒಳಗೆ ಹೋಗುವಾಗ ಚೀಲ ತುಂಬಿ ಉಬ್ಬಿತ್ತು, ಅವಳ ಹೆಗಲು ಒಂದು ಬದಿಗೆ ವಾಲಿತ್ತು. ಬರುವಾಗ ಚೀಲ ಮಡಿಸಿ ಕಂಕುಳಲ್ಲಿತ್ತು. ಕಳ್ಳತನಕ್ಕೆ ಬಂದವಳು ತುಂಬಿದ ಚೀಲ ತಂದು ಖಾಲಿ ಚೀಲ ಒಯ್ಯುತ್ತಾಳೆಯೇ? ಟಿವಿಯ ಮುಂದೆ ನಿಂತ ಆರು ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಹನ್ನೆರಡು ಕಣ್ಣು.

ಮೊದಲು ಅದನ್ನು ಗುಂಪಿನಿಂದ ಅಳಿಸಲು ನೋಡಿದಳು. ಎಲ್ಲರ ಫೋನಿನಿಂದಲೂ ತೆಗೆಯುವ ಅವಧಿ ಮುಗಿದಿತ್ತು. ಈಗ ಅಳಿಸಿದರೆ ಅವಳ ಫೋನಿನಿಂದ ಮಾತ್ರ ಹೋಗುತ್ತಿತ್ತು. "ದಯವಿಟ್ಟು ಎಲ್ಲರೂ ಓದಿ. ಆ ಹೆಂಗಸು ಕಳ್ಳಿ ಅಲ್ಲ. ಅಕ್ಕೋರ ಪರಿಚಯದವರು. ತಪ್ಪು ನನ್ನದು," ಎಂದು ಬರೆದಳು. ಇಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೆ ಯಾರೋ ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದ್ದರು. ಕುಮಟೆಯ ಗಿರಾಕಿಗೆ ಫೋನು ಮಾಡಿ ಬೇಡಿಕೊಂಡಳು. "ನಂಗೆ ಯಾರು ಕಳಿಸಿದ್ರೋ ಅವ್ರಿಗೆ ಹೇಳ್ತೆ ಅಕ್ಕಾ. ಆದ್ರೆ ನಾ ಒಂಬತ್ತು ಗುಂಪಿಗೆ ಹಾಕಿದ್ದೆ. ಅವ್ರು ಎಲ್ಲೆಲ್ಲಿ ಹಾಕಿದ್ರೋ ಯಾರಿಗೆ ಗೊತ್ತು?" ಅಂದಳು ಅವಳು.

ದಿನಕರನ ಹತ್ತಿರ ಹೋದಳು. ಅವನು ತಲೆ ಕೆರೆದುಕೊಂಡ. "ನಾನಂತೂ ಪೊಲೀಸ್ರಿಗೆ ಮಾತ್ರ ಕೊಟ್ಟದ್ದು ಸಂಗೀತಾ. ವಿಡಿಯೋ ಮಾಡ್ಕಂಡವ್ಳು ನೀನು. ದನಿಯೂ ನಿಂದೇ ಅದೆ."

ಠಾಣೆಗೂ ಹೋದಳು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬಳು ಕುರ್ಚಿ ಕೊಟ್ಟು ಕೂರಿಸಿ ಎಲ್ಲ ಕೇಳಿದಳು. ಕುಮಟೆಯಲ್ಲಿ ಸುಬ್ಬಿಯನ್ನು ಜನರ ಕೈಯಿಂದ ಬಿಡಿಸಿ, ವಿಚಾರಿಸಿ ಆ ದಿನವೇ ಮನೆಗೆ ಕಳಿಸಿದ್ದಾರೆ, ಅವಳಿಗೂ ಕೇಸಿಗೂ ಸಂಬಂಧವಿಲ್ಲವೆಂದು ಎಲ್ಲ ಕಡೆ ತಿಳಿಸಿಯೂ ಆಗಿದೆ ಅಂದಳು.

"ಆದ್ರೂ ತಿರುಗ್ತಾ ಅದೆ ಮೇಡಂ. ಅದನ್ನ ನಿಲ್ಸೂಕೆ ಎಂತಾದ್ರೂ ಮಾಡಿ."

"ನಿಮ್ಮ ಹೆಸರಿನಾಗೆ ಕಂಪ್ಲೇಂಟ್ ಬರಕೊಳ್ಳೂದಾ ಅಮ್ಮ? ಬರಕೊಳ್ಬಹುದು. ಆದ್ರೆ ಯಾರ ಮೇಲೆ? ಮೊದ್ಲು ಹಾಕ್ದವ್ರು ಯಾರು ಅಂತ ಬರಿಬೇಕಾತದೆ." ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ನಾವು ಬಾಗ್ಲು ಬಾಗ್ಲಿಗೆ ಹೋಗಿ ಫೋನು ನೋಡೂಕೆ ಆತದಾ ಹೇಳಿ?"

ಸಂಗೀತಾ ಎದ್ದು ಬಂದಳು.

ಸುಬ್ಬಿಯನ್ನು ಕಂಡು ಬರುತ್ತೇನೆ ಅಂದಾಗ ರವೀಂದ್ರ ಒಪ್ಪಲಿಲ್ಲ. "ನಿಂಗೆ ಮಂಡೆ ಸಮ ಇದ್ದಾ? ನೀ ಹೋಗಿ ನಾನೇ ಅಂದ್ರೆ ಅವ್ರು ಸುಮ್ನೆ ಬಿಡ್ತ್ರಾ? ಅವ್ರು ಕೇಸು ಹಾಕ್ದ್ರೆ ನನ್ನ ಕೆಲ್ಸಕ್ಕೂ ತೊಂದ್ರೆ."

"ಹಾಕ್ಲಿ."

"ಹಾಕ್ಲಿ ಅಂದ್ರೆ? ಚಂದನಾಂದು ಎಂತ ಕತೆ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ವಾದ ಮಾಡಲಿಲ್ಲ. ಮರುದಿನ ಮಗಳನ್ನು ಶಾಲೆಗೆ ಬಿಟ್ಟು ಅಲ್ಲಿಂದಲೇ ಕುಮಟೆಗೆ ಬಸ್ಸು ಹತ್ತಿದಳು. ಕುಮಟೆಯಿಂದ ಶಿರಸಿ ಬಸ್ಸು. ಕತಗಾಲದಲ್ಲಿ ಇಳಿದು ಚಾದಂಗಡಿಯಲ್ಲಿ ಸುಬ್ಬಿಯ ಮನೆ ಕೇಳಿದಾಗ ಅಂಗಡಿಯವನು ಇವಳನ್ನು ಮೇಲಿಂದ ಕೆಳಗೆ ನೋಡಿದ. "ನೀವು ಯಾರು? ಎಂತಕೆ ಬೇಕು?" ಅಕ್ಕೋರ ಕಡೆಯವಳು ಎಂದ ಮೇಲೆ ದಾರಿ ಹೇಳಿದ.

ಎರಡು ಮೈಲಿ ನಡೆದಳು. ಹೆಂಚಿನ ಸಣ್ಣ ಮನೆ, ಅಂಗಳದಲ್ಲಿ ಬಸಳೆ ಚಪ್ಪರ. ನೀರು ಹಾಕದೆ ಕೆಳಗಿನ ಎಲೆ ಬಾಡಿದ್ದವು. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದಾಗ ಎಷ್ಟೋ ಹೊತ್ತು ಉತ್ತರ ಬರಲಿಲ್ಲ. ಹಿಂದಿನಿಂದ ಗಂಡಸೊಬ್ಬ ಕತ್ತಿ ಹಿಡಿದುಕೊಂಡೇ ಬಂದ, ಸೌದೆ ಕೊಚ್ಚುತ್ತಿದ್ದನೇನೋ. ಸುಬ್ಬಿಯ ಗಂಡ ಸುಕ್ರ. ಅಕ್ಕೋರ ಹೆಸರು ಕೇಳಿ ಕತ್ತಿ ಕೆಳಗಿಟ್ಟ. "ಸುಬ್ಬೀ, ಅಕ್ಕೋರ ಬದಿಂದ ಬಂದಾರೆ. ತೆಗಿ," ಎಂದ. ಒಳಗೆ ಚಿಲಕ ಸರಿದ ಸದ್ದಾಯಿತು.

ಐವತ್ತೈದರ ಹೆಂಗಸು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರು. ಹಣೆಯ ಪಕ್ಕದಲ್ಲಿ ಕೂದಲು ಕಿತ್ತು ಬಂದ ಜಾಗ ಕೆಂಪಗಿತ್ತು. ಬಾಗಿಲಿಗೆ ಬಂದವಳು ಅಂಗಳಕ್ಕೆ ಇಳಿಯಲಿಲ್ಲ. ಒಳಗೇ ಚಾಪೆ ಹಾಕಿ ಕೂರಿಸಿದಳು. ಮೊದಲು ಕೇಳಿದ್ದು, "ಅಕ್ಕೋರು ಹೆಂಗಿದ್ರು ತಂಗಿ? ಅವ್ರಿಗೆ ಹೊಡೆದ್ರಂತೆ ಹೌದಾ?"

ಸಂಗೀತಾ ಹೇಳಿದಳು. ಸುಬ್ಬಿ "ಛೇ, ಛೇ" ಎನ್ನುತ್ತ ಕೇಳಿದಳು. ಆಮೇಲೆ ತನ್ನದನ್ನು ಹೇಳತೊಡಗಿದಳು. ಅಳಲಿಲ್ಲ. ಇನ್ನೊಬ್ಬರಿಗೆ ಆದದ್ದನ್ನು ಹೇಳುವ ಹಾಗೆ ಹೇಳಿದಳು.

"ಇಬ್ರು ಗಂಡಸ್ರು ಬಂದು ಚೀಲ ಎಳದ್ರು. ಎಂತಕೆ ಅಂದೆ. ಅಷ್ಟೊತ್ತಿಗೆ ಹತ್ತು ಜನ ಆದ್ರು. ನಾ ಕತಗಾಲದ ಬದಿಯವ್ಳು ಅಂದೆ, ಸುಕ್ರನ ಹೆಂಡ್ತಿ ಅಂದೆ. ಯಾರೂ ಕೇಳ್ಲಿಲ್ಲ. ನನ್ನ ಹತ್ರ ವರ್ಷಗಟ್ಲೆ ಸೊಪ್ಪು ತಕಂಡವ್ರೂ ಅಲ್ಲೇ ನಿಂತಿದ್ರು ತಂಗಿ. ನಾ ಒಬ್ಬೊಬ್ರ ಮುಖ ನೋಡ್ದೆ. ಫೋನಾಗೆ ಬಂದದೆ ಅಂದ್ಮೇಲೆ ಹೌದಾಗಿರ್ಬೇಕು ಅಂದ್ಕಂಡ್ರೋ, ಹೆದ್ರಿದ್ರೋ. ಸುಮ್ಮಂಗೆ ನಿಂತ್ರು." ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಮುಟ್ಟಿಕೊಂಡಳು. "ಯಾರೋ ಒಬ್ಳು ಹಾಕಿದ್ದಂತೆ ಅದನ್ನ. ನಾ ಎಂತ ಮಾಡಿದ್ದೆ ಅವ್ಳಿಗೆ? ಅವ್ಳು ಯಾರು ಅಂತ ನಿಂಗೇನಾದ್ರೂ ಗೊತ್ತಾ?"

ಬರುವಾಗ ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಸಂಗೀತಾ ಜೋಡಿಸಿಕೊಂಡು ಬಂದಿದ್ದಳು. ಅದೊಂದೂ ನೆನಪಾಗಲಿಲ್ಲ.

"ನಾನೇ," ಅಂದಳು.

ಸುಕ್ರ ಬಾಗಿಲಿಗೆ ಒರಗಿ ನಿಂತಿದ್ದ. ನೆಟ್ಟಗಾದ. ಅಂಗಳಕ್ಕೆ ಇಳಿದು ಹೋದ. ಸುಬ್ಬಿ ಇವಳ ಮುಖವನ್ನೇ ನೋಡುತ್ತಿದ್ದಳು.

"ಆ ದನಿ ನಿಂದಾ?"

"ಹೌದು."

"ನಾ ನಿಂಗೆ ಎಂತ ಮಾಡಿದ್ದೆ?"

"ಎಂತದೂ ಮಾಡ್ಲಿಲ್ಲ. ಅಕ್ಕೋರಿಗೆ ಹಂಗಾದಾಗ ನಾ ಪಕ್ಕದಾಗೇ ಇದ್ದೆ. ಅವ್ರು ಕೂಗಿದ್ದು ಕೇಳ್ಲಿಲ್ಲ ನಂಗೆ. ಹೆದ್ರಿಕೆ ಆಗಿತ್ತು. ಬಾಗ್ಲು ತೆಗಿಯೂಕೂ ಆಗೂದಿಲ್ಲಾಗಿತ್ತು. ಯಾರನ್ನ ಕಂಡ್ರೂ..." ಸಂಗೀತಾ ಕಾಲು ಮುಟ್ಟಲು ಬಗ್ಗಿದಳು. ಸುಬ್ಬಿ ಕಾಲು ಎಳೆದುಕೊಂಡಳು.

ಹೊರಗೆ ಸುಕ್ರ ಸೌದೆ ಕೊಚ್ಚತೊಡಗಿದ. ಪ್ರತಿ ಏಟೂ ಮನೆಯೊಳಗೆ ಕೇಳುತ್ತಿತ್ತು. ಆಮೇಲೆ ಸುಬ್ಬಿಯ ಮುಖದಲ್ಲಿ ಸಂಗೀತಾ ಎಣಿಸದೇ ಇದ್ದದ್ದೊಂದು ಕಂಡಿತು. ಏನೋ ಭಾರ ಇಳಿದ ಹಾಗೆ ಅವಳು ಉಸಿರು ಬಿಟ್ಟಳು.

"ಆತು. ನೀನೇ ಹಾಕ್ದವ್ಳು ಅಂದ್ಮೇಲೆ ಸುಲಭ ಆತಲ್ಲ," ಅಂದಳು. "ಯಾರು ಅಂತ ಗೊತ್ತಿಲ್ದೇ ಯಾರ ಹತ್ರ ಕೇಳೂದು ಅಂತ ನಾವು ಒದ್ದಾಡ್ತಾ ಇದ್ವು. ಈಗ ತೆಗ್ದುಬಿಡು."

"ಅದು... ನನ್ನ ಕೈಯಾಗಿಲ್ಲ ಈಗ."

"ನಿನ್ನ ಕೈಯಾಗಿಲ್ದೇ? ನಿನ್ನ ಫೋನು, ನಿನ್ನ ದನಿ."

"ನಾ ನಮ್ಮ ಬೀದಿಯವ್ರಿಗೆ ಕಳಿಸ್ದೆ. ಅವ್ರು ಹತ್ತು ಜನಕ್ಕೆ ಕಳಿಸಿದ್ರು. ಆ ಹತ್ತು ಜನ ಮತ್ತೆ ನೂರು ಜನಕ್ಕೆ. ಅದೆಲ್ಲ ಅವ್ರವ್ರ ಫೋನಾಗೆ ಅದೆ."

ಸುಬ್ಬಿ ಕೇಳಿಸಿಕೊಂಡಳು. ಅರ್ಥವಾಗಲಿಲ್ಲವೋ, ಅರ್ಥವಾದರೂ ಒಪ್ಪಲಿಲ್ಲವೋ. "ನನ್ನ ಮೊಮ್ಮಗ ಗೋಡೆ ಮೇಲೆ ಮಸಿಯಾಗೆ ಬರೀತಾನೆ. ಬರ್ದವ್ನ ಹತ್ರವೇ ಅಳಿಸ್ತೆ ನಾನು," ಅಂದಳು. "ಹಾಕಿದವಳೇ ತೆಗಿ ತಂಗಿ. ನಂಗೆ ಬೇರೆ ಎಂತದೂ ಬ್ಯಾಡ."

ಸಂಗೀತಾಳಿಗೆ ಒಂದು ಉಪಾಯ ಹೊಳೆಯಿತು. ಸುಬ್ಬಿಯೇ ತಾನು ಯಾರೆಂದು ಹೇಳಿದರೆ, ಅದನ್ನೂ ಹಾಗೇ ಹಂಚಬಹುದಲ್ಲ? "ಒಂದೆರಡು ಮಾತು ನೀವೇ ಹೇಳಿ, ನಾ ವಿಡಿಯೋ ಮಾಡ್ತೆ," ಎಂದು ಫೋನು ಎತ್ತಿ ಹಿಡಿದಳು.

ಸುಬ್ಬಿ ಸರಕ್ಕನೆ ಗೋಡೆಯ ಕಡೆ ತಿರುಗಿ ಬಲಗೈಯಿಂದ ಮುಖ ಮುಚ್ಚಿಕೊಂಡಳು. ಪ್ಲಾಸ್ಟರಿನ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದಳು. ಸಂಗೀತಾ ಫೋನನ್ನು ಚೀಲದೊಳಗೆ ಹಾಕಿದಳು. ಕೈ ತಗ್ಗಿಸಲು ಸುಬ್ಬಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೊರಡುವಾಗ ಸಂಗೀತಾ, "ನೋಡ್ತೆ," ಅಂದಳು. ಏನು ನೋಡುವುದೆಂದು ಅವಳಿಗೇ ಗೊತ್ತಿರಲಿಲ್ಲ. ತನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ನಾಲ್ಕು ದಿನಕ್ಕೆ ಸುಕ್ರ ಫೋನು ಮಾಡಿದ. ಬೈಯುತ್ತಾನೆ ಎಂದು ಹೆದರಿಕೊಂಡೇ ಎತ್ತಿದಳು. "ಅಮ್ಮಾ, ಅದು ತೆಗ್ದಾತಾ?" ಎಂದು ಕೇಳಿದ. "ಇನ್ನೂ ಆಗ್ಲಿಲ್ಲ ಸುಕ್ರಣ್ಣ. ಮಾಡ್ತಾ ಇದ್ದೆ," ಅಂದಳು. ಮತ್ತೆ ವಾರ ಬಿಟ್ಟು ಮಾಡಿದ. ಅದೇ ಪ್ರಶ್ನೆ, ಅದೇ ಉತ್ತರ. ಸೊಪ್ಪು ಮಾರಲು ಈಗ ಅವನೇ ಹೋಗುತ್ತಿದ್ದನಂತೆ. ಅವನಿಗೆ ಕೂಗಲು ಬರುವುದಿಲ್ಲ, ಅರ್ಧ ಬಾಡಿ ವಾಪಸು ಬರುತ್ತದೆ ಅಂದ. ಸುಬ್ಬಿ ಬಾವಿಯ ತನಕ ಮಾತ್ರ ಹೋಗುತ್ತಾಳೆ, ಅದೂ ತಾನು ಮನೆಯಲ್ಲಿದ್ದರೆ.

ಸಂಗೀತಾ ತನಗೆ ತೋಚಿದ್ದನ್ನೆಲ್ಲ ಮಾಡುತ್ತಿದ್ದಳು. ಅದು ಎಲ್ಲಿ ಕಂಡರೂ ಕೆಳಗೆ ಬರೆಯುವಳು. ಶಾಲೆಯ ತಾಯಂದಿರ ಗುಂಪು, ಮೀನಿನ ದರ ಹಾಕುವ ಗುಂಪು, ಮಹಿಳಾ ಸಂಘ. ಕೆಲವರು ಸರಿ ಅನ್ನುವರು. ಕೆಲವರು, ನೀವು ಅವಳಿಗೆ ಏನಾಗಬೇಕು ಎಂದು ಕೇಳುವರು. ಒಂದು ಗುಂಪಿನವರು ಅವಳನ್ನೇ ಹೊರಗೆ ಹಾಕಿದರು.

ಒಂದು ತಿಂಗಳಾಗುವ ಹೊತ್ತಿಗೆ ಆ ಇಬ್ಬರು ಗಂಡಸರು ಸಿಕ್ಕಿಬಿದ್ದರು. ದೂರದ ಬೇರೊಂದು ಊರಿನಲ್ಲಿ ಗ್ಯಾಸ್ ಒಲೆಯ ಅದೇ ನೆಪ ಹೂಡುವಾಗ. ಅಕ್ಕೋರ ನಾಲ್ಕು ಬಳೆಗಳಲ್ಲಿ ಎರಡು ಸಿಕ್ಕವು. ಪೇಪರಿನಲ್ಲಿ ಬಂತು. ಹೆಂಗಸಿನ ಮಾತೇ ಇರಲಿಲ್ಲ. ಇನ್ನು ಎಲ್ಲ ಸರಿಹೋಗಬಹುದೆಂದು ಸಂಗೀತಾ ಆ ಸುದ್ದಿಯ ಫೋಟೋ ತೆಗೆದು ಎಲ್ಲ ಕಡೆ ಕಳಿಸಿದಳು.

ಮರುವಾರ ಕಾಯ್ಕಿಣಿಯಲ್ಲಿರುವ ತಂಗಿ ಸುಶ್ಮಿತಾಳಿಂದ ವಿಡಿಯೋ ಬಂತು. ಅದೇ ಗೇಟು, ಅದೇ ಹಳದಿ ಚೀಲ. "ಭಟ್ಕಳದಲ್ಲಿ ನಿನ್ನೆ ನಡೆದದ್ದು," ಎಂದು ಬರೆದಿತ್ತು. ಸಂಗೀತಾಳ ದನಿಯನ್ನು ತೆಗೆದು ಯಾವುದೋ ಭಯಂಕರ ಬಾಜಾ ಸೇರಿಸಿದ್ದರು. ತಕ್ಷಣ ಫೋನು ಮಾಡಿದಳು.

"ನಿಂಗೆ ನಾ ಎಲ್ಲಾ ಹೇಳಿದ್ನಲ್ಲೇ! ಅದು ಸುಬ್ಬಿ. ಕಳ್ರು ಸಿಕ್ಕಿದ್ರು. ಗೊತ್ತಿದ್ದೂ ಎಂತಕೆ ಕಳಿಸ್ದೆ?"

"ಅದೇ ಇದು ಅಂತ ಗೊತ್ತಾಗ್ಲಿಲ್ವೆ," ಅಂದಳು ಸುಶ್ಮಿತಾ. ಆಮೇಲೆ, "ಇರ್ಲಿ ಬಿಡೆ. ಜನ ಸ್ವಲ್ಪ ಹುಷಾರಿದ್ರೆ ಎಂತ ತಪ್ಪು? ಇಲ್ಲೂ ಮನ್ನೆ ಯಾರೋ ಸುತ್ತಾಡ್ತಾ ಇದ್ರಂತೆ."

ಅಕ್ಕೋರು ಹೊನ್ನಾವರಕ್ಕೆ ವಾಪಸು ಬರಲಿಲ್ಲ. ಮನೆಯನ್ನು ಬಾಡಿಗೆಗೆ ಕೊಡುತ್ತಾರೆಂದು ದಿನಕರ ಹೇಳಿದ.

ಪ್ಲಾಸ್ಟರು ತೆಗೆಸುವ ದಿನ ಬಂದಾಗ ಸುಕ್ರನ ಫೋನಿನಿಂದ ಸುಬ್ಬಿಯೇ ಮಾತಾಡಿದಳು. "ಕುಮಟೆ ಆಸ್ಪತ್ರೆಗೆ ಹೋಗ್ಬೇಕಾಗಿತ್ತು ತಂಗಿ. ನಾ ಬರೂಕೆ ಅಡ್ಡಿಲ್ವಾ?"

ಊರಿನ ದಾರಿಗಳೆಲ್ಲ ಇವಳ ಕೈಯಲ್ಲಿವೆಯೋ ಎಂಬಂತೆ ಅವಳು ಅಪ್ಪಣೆ ಕೇಳುತ್ತಿದ್ದಳು. ಅಡ್ಡಿಲ್ಲ ಅನ್ನಲು ಸಂಗೀತಾಳಿಗೆ ಧೈರ್ಯ ಬರಲಿಲ್ಲ. ಬೇಡ ಅನ್ನುವಂತೆಯೂ ಇರಲಿಲ್ಲ. "ನಾನೂ ಬತ್ತೆ. ಬಸ್ ಸ್ಟ್ಯಾಂಡಿನಾಗೆ ಕಾಯ್ತೆ," ಅಂದಳು.

ಬಸ್ಸಿನಿಂದ ಸುಕ್ರ ಮೊದಲು ಇಳಿದ. ಹಿಂದೆ ಸುಬ್ಬಿ. ಬೇರೆಯದೇ ಸೀರೆ ಉಟ್ಟು, ಕೈಯಲ್ಲಿ ಚೀಲ ಇಲ್ಲದೆ ಬಂದಿದ್ದಳು. ಆಸ್ಪತ್ರೆಯ ಚೀಟಿಯನ್ನು ಸುಕ್ರ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಮುಖ ಮುಚ್ಚಿಕೊಂಡರೆ ಅದೇ ಹೆಂಗಸು ಅನ್ನುತ್ತಾರೆ, ಮುಚ್ಚದಿದ್ದರೆ ಗುರುತು ಸಿಗುತ್ತದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ, ಮತ್ತೆ ಬಿಡುತ್ತ ನಡೆದಳು. ಸಂತೆಯ ಕಡೆಯ ರಸ್ತೆ ಬೇಡವೆಂದು ಮೂವರೂ ಸುತ್ತಿ ಬಳಸಿ ಹೋದರು. ಸಂಗೀತಾ ಅವಳ ಎಡಕ್ಕೆ, ಸುಕ್ರ ಬಲಕ್ಕೆ. ಯಾರೂ ಏನೂ ಅನ್ನಲಿಲ್ಲ. ಯಾರೂ ನೋಡಲೂ ಇಲ್ಲವೇನೋ. ಆದರೂ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಗೀತಾಳ ರವಿಕೆ ಬೆವರಿನಲ್ಲಿ ನೆನೆದಿತ್ತು.

ಮೂಳೆ ಡಾಕ್ಟರ ಕೋಣೆಯ ಎದುರು ಬೆಂಚಿನಲ್ಲಿ ಜಾಗವಿತ್ತು. ಸುಬ್ಬಿ ಗೋಡೆಗೆ ಒರಗಿ ಕೂತಳು. ಸುಕ್ರ ಚೀಟಿ ಹಿಡಿದು ಸಾಲಿನಲ್ಲಿ ನಿಂತ. ಎದುರಿನ ಬೆಂಚಿನಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಒಬ್ಬಳು ಫೋನು ನೋಡುತ್ತಿದ್ದಳು. ನೋಡುತ್ತಿದ್ದವಳು ತಲೆಯೆತ್ತಿ ಸುಬ್ಬಿಯನ್ನು ನೋಡಿದಳು. ಮತ್ತೆ ಫೋನು ನೋಡಿದಳು. ಮತ್ತೆ ತಲೆಯೆತ್ತಿದಳು. ಹಾಡೋ, ಅಡುಗೆಯೋ, ಏನು ಬೇಕಾದರೂ ಇರಬಹುದು. ಆದರೆ ಅವಳು ಮಗುವನ್ನು ಎತ್ತಿ ಇನ್ನೊಂದು ತೊಡೆಗೆ ಬದಲಿಸಿಕೊಂಡು ಹತ್ತಿರ ಒತ್ತಿಕೊಂಡಳು.

ಸಂಗೀತಾ ಎದ್ದು ಹೋಗಿ ಸುಬ್ಬಿಯ ಎದುರು ಅಡ್ಡವಾಗಿ ನಿಂತಳು. ಕೈಚೀಲವನ್ನು ಎದೆಗೆ ಹಿಡಿದುಕೊಂಡು, ಗೋಡೆಯ ಮೇಲಿನ ಚಾರ್ಟು ಓದುವವಳ ಹಾಗೆ.

ಹಿಂದಿನಿಂದ ಸುಬ್ಬಿ ಅವಳ ಸೀರೆಯನ್ನು ಮೆಲ್ಲಗೆ ಎಳೆದಳು.

"ಸ್ವಲ್ಪ ಸರಿ ತಂಗಿ. ನೀ ಅಡ್ಡ ನಿಂತ್ರೆ ಬಾಗ್ಲಾಗೆ ಯಾರು ಬಂದ್ರು ಅಂತ ನಂಗೆ ಕಾಣೂದಿಲ್ಲ."

ಸಂಗೀತಾ ಪಕ್ಕಕ್ಕೆ ಸರಿದಳು.